ತಂತಿಯಿಲ್ಲದ ಫೋನಿಗೆ ಸುತಳಿ

ನಮ್ಮ ಗಿಡಗಳ ನರ್ಸರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದದ್ದು ಒಂದೇ ಜೋಡಿ. ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು. ಗೇಟಿನ ಬಳಿ ಇಳಿದು, ಒಂದೇ ಥರದ ಎರಡು ಊಟದ ಡಬ್ಬಿಗಳನ್ನು ಹಂಚಿಕೊಂಡು, ಅವಳು ಪಕ್ಕದ ಆಫೀಸು ರೂಮಿಗೆ, ಅವರು ಹಿಂದೆ ನೀರಿನ ತೊಟ್ಟಿಯ ಆಚೆಗಿರುವ ಕಸಿ ಚಪ್ಪರಕ್ಕೆ. ಮತ್ತೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಸಂಜೆ ಗೇಟು ಹಾಕುವ ಹೊತ್ತಿಗೆ.

ಅವಳು ಫೋನಕ್ಕ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಅವಳು ಎಲ್ಲರಿಗೂ ಅಕ್ಕ ಆದಮೇಲೆ ಅವಳ ಗಂಡ ಎಲ್ಲರಿಗೂ ಭಾವ ಆಗಲೇಬೇಕಲ್ಲ, ಹಾಗಾಗಿ ಅವರು ಕಸಿ ಭಾವ. ವಯಸ್ಸಿನಲ್ಲಿ ಅವರಿಗಿಂತ ಎಷ್ಟೋ ದೊಡ್ಡವರಾದ ನಮ್ಮ ಯಜಮಾನರು ಕೂಡ "ಭಾವನ್ನ ಕರೀರಿ" ಎನ್ನುತ್ತಿದ್ದರು. ಇನ್ನು ನಾನು, ಬಿಲ್ಲು ಬರೆಯುವವಳು. ನನ್ನ ಮೇಜು ಫೋನಕ್ಕನ ಮೇಜಿಗೆ ತಾಗಿಕೊಂಡೇ ಇತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ, ನನ್ನ ಮೂಗು, ನನ್ನ ಸಿಟ್ಟು.

ಫೋನಕ್ಕ ಫೋನಿನಲ್ಲಿ ಗಿಡ ಮಾರುವುದನ್ನು ಕೇಳಬೇಕಿತ್ತು. ಸುರುಳಿ ವೈರು ಎಳೆದಷ್ಟು ದೂರವೇ ಅವಳ ಪ್ರಪಂಚ, ಆದರೂ ಇಡೀ ತೋಟ ಅವಳ ನಾಲಿಗೆಯ ಮೇಲಿರುತ್ತಿತ್ತು. "ಹಳದಿ ಗುಲಾಬಿ ಇದೆ, ಬೆಳಿಗ್ಗೆ ಬರೋವಾಗ ನೋಡ್ದೆ, ಮೊಗ್ಗು ಬಿಟ್ಟಿದೆ" ಎನ್ನುವಳು. ಯಾರಾದರೂ ಗಿಡ ಒಣಗಿತು ಅಂದರೆ, "ಒಣಗಿಲ್ಲ, ನೀರು ಸುರಿದೂ ಸುರಿದೂ ಮುಳುಗಿಸಿದೀರಿ. ಒಂದು ವಾರ ಅದರ ತಂಟೆಗೆ ಹೋಗಬೇಡಿ. ಇಲ್ಲ, ಹೊಸದು ಕೊಡಲ್ಲ, ಇದೇ ಬದುಕುತ್ತೆ" ಎಂದು ಗದರಿಸಿ ಇಟ್ಟುಬಿಡುವಳು. ಯಜಮಾನರು ತಲೆ ಮೇಲೆ ಕೈ ಹೊತ್ತುಕೊಳ್ಳುವರು. ಬೈಸಿಕೊಂಡವರು ಮುಂದಿನ ವಾರ ಬಂದು ನಾಲ್ಕು ಗಿಡ ಕೊಂಡುಹೋಗುವರು.

ಅವಳಿಗಿದ್ದ ಕಟ್ಟಳೆ ಒಂದೇ. ಮೂರನೇ ರಿಂಗು ಮುಗಿಯುವುದರೊಳಗೆ ಫೋನು ಎತ್ತಬೇಕು. ಹಿಂದೊಮ್ಮೆ ಯಾರೂ ಎತ್ತದೆ ಒಂದು ದೊಡ್ಡ ತೋಟದ ಕೆಲಸ ಕೈತಪ್ಪಿತ್ತಂತೆ, ಅಂದಿನಿಂದ ಯಜಮಾನರ ಕಾನೂನು. ಹೀಗಾಗಿ ಫೋನಕ್ಕ ಊಟವನ್ನೂ ಮೇಜಿನ ಮೇಲೆಯೇ ಮಾಡಬೇಕು. ಭಾವ ಇತ್ತ ಬರುವಂತಿಲ್ಲ, ನಡುಹಗಲ ಬಿಸಿಲಿಗೆ ಹೊಸ ಕಸಿಗಳು ಸೊರಗುತ್ತವೆ, ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಾ ಅಲ್ಲೇ ಕಾಯಬೇಕು. ಆ ಹೊತ್ತಿಗೆ ನಾನು ಮನೆಗೆ ಊಟಕ್ಕೆ ಓಡುತ್ತಿದ್ದೆ. ವಾರದ ರಜೆಯಾದರೂ ಒಂದೇ ದಿನವೇ? ಅವಳದು ಸೋಮವಾರ, ಭಾವನದು ಗುರುವಾರ. ಸೋಮವಾರ ಯಜಮಾನರೇ ಫೋನು ಎತ್ತುತ್ತಿದ್ದರು, ಅವರ ಗಂಟಲು ಕೇಳಿದವರು "ಮಂಗಳವಾರ ಮಾಡ್ತೀವಿ" ಎಂದು ಇಡುತ್ತಿದ್ದರು.

ಒಮ್ಮೆ ಅವಳು ಡಬ್ಬಿ ತೆರೆಯುತ್ತಾ ನನಗೆ ಹೇಳಿದಳು: "ಇವರು ಮಧ್ಯಾಹ್ನ ಹೇಗೆ ಊಟ ಮಾಡ್ತಾರೋ, ಎದುರಿಗೆ ಕೂತು ನೋಡಿದ್ದೇ ಇಲ್ಲ ಕಣೇ. ರಾತ್ರಿ ಊಟದ ಮಾತು ಬಿಡು, ಇಬ್ಬರಿಗೂ ಅರ್ಧ ನಿದ್ದೆ."

"ಡಬ್ಬಿ ಖಾಲಿ ಬರುತ್ತಲ್ಲಕ್ಕ, ಇನ್ನೇನು ಬೇಕು?"

"ಖಾಲಿ ಬರುತ್ತೆ. ಖಾಲಿ ಡಬ್ಬಿ ಏನು ಮಾತಾಡುತ್ತಾ?"

ಅವಳು ನಗುತ್ತಲೇ ಅಂದಳು. ಆದರೆ ಆ ನಗು ನನಗೆ ಹಿಡಿಸಲಿಲ್ಲ. ಒಂದೇ ಬೇಲಿಯೊಳಗೆ ದುಡಿಯುವ ಗಂಡ ಹೆಂಡತಿ ಜೊತೆಗೆ ಕೂತು ಒಂದು ತುತ್ತು ತಿನ್ನಲಾಗದು ಎಂದರೆ ಅದೆಂಥ ಸುಡುಗಾಡು ವ್ಯವಸ್ಥೆ ಎಂದು ಆ ದಿನವೆಲ್ಲಾ ಕಂಡಕಂಡವರ ಮೇಲೆ ರೇಗಿದೆ.

ಅಷ್ಟರಲ್ಲಿ ಫೋನು ಸತ್ತಿತು. ಸಾಯಿಸಿದ್ದು ಯಜಮಾನರೇ. ಫೋನಿನ ಮೇಲೆ ತೂಗುಹಾಕಿದ್ದ ಮನಿ ಪ್ಲಾಂಟಿಗೆ ನೀರು ಹಾಕುತ್ತಾ ಮೈಮರೆತರು, ಕುಂಡ ತುಂಬಿ ನೀರೆಲ್ಲ ಫೋನಿನೊಳಗೆ ಇಳಿಯಿತು. ಅದು ಗೊರಗೊರ ಎಂದು ಎರಡು ಸಲ ಉಸಿರೆಳೆದು ಸುಮ್ಮನಾಯಿತು. "ನೀರು ಸುರಿದೂ ಸುರಿದೂ" ಎಂದು ಫೋನಕ್ಕ ಬಾಯಿ ತೆರೆದವಳು, ಯಜಮಾನರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಮರುದಿನ ಫೋನಿನ ಅಂಗಡಿಯವನು ಬಂದು ಕಾರ್ಡ್‌ಲೆಸ್ ಫೋನು ಇಟ್ಟ. ಒಂದು ಪೀಠ, ಅದರ ಮೇಲೆ ಕೂರುವ ಒಂದು ರಿಸೀವರು, ಎರಡಕ್ಕೂ ನಡುವೆ ವೈರೇ ಇಲ್ಲ. ಗೋಡೆಯಿಂದ ಬರುವ ಫೋನಿನ ವೈರನ್ನು ಪೀಠದ ಬೆನ್ನಿಗೆ ಸಿಕ್ಕಿಸಿದ, ಕಬ್ಬಿಣದ ಬೀರುವಿನ ಹಿಂದಿದ್ದ ಪ್ಲಗ್ಗಿಗೆ ಕರೆಂಟು ಕೊಟ್ಟ, ಪೀಠವನ್ನು ಅಲ್ಲೇ ಬೀರುವಿನ ಸಂದಿಯಲ್ಲಿ ಇಟ್ಟ. ರಿಸೀವರಿನ ಬೆನ್ನಿನ ಮುಚ್ಚಳ ತೆಗೆದು ಬ್ಯಾಟರಿ ಕೂರಿಸಿದ.

"ನಾಳೆ ಬೆಳಿಗ್ಗೆವರೆಗೂ ಎತ್ತಬೇಡಿ, ಮೊದಲನೇ ಸಲ ಪೂರ್ತಿ ಚಾರ್ಜ್ ಆಗಬೇಕು. ಎಂಟು ದಿನ ಇಟ್ಕೊಂಡು ನೋಡಿ ಯಜಮಾನ್ರೇ. ಹಿಡಿಸಲಿಲ್ಲ ಅಂದ್ರೆ ತಂತಿ ಫೋನೇ ತಂದು ಹಾಕ್ತೀನಿ" ಎಂದ.

ಫೋನಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಇದು ಎಲ್ಲೀವರೆಗೂ ಕೇಳಿಸುತ್ತೆ?"

"ಬಯಲಾದ್ರೆ ತುಂಬಾ ದೂರ. ಗೋಡೆ, ಕಬ್ಬಿಣ ಅಡ್ಡ ಬಂದ್ರೆ ಕಮ್ಮಿ."

"ನೀರಿನ ತೊಟ್ಟಿ ಆಚೆಗೆ?"

ಅವನು ಕಿಟಕಿಯಿಂದ ಇಣುಕಿ ನೋಡಿ, "ನೋಡಬೇಕಮ್ಮ" ಎಂದ. ಅವಳ ಮುಖ ನನ್ನ ಕಣ್ಣಿಗೆ ಬಿತ್ತು. ಅವಳ ಲೆಕ್ಕಾಚಾರ ಎಲ್ಲಿಗೆ ಹೋಗಿ ನಿಂತಿದೆ ಎಂದು ಆಗಲೇ ಗೊತ್ತಾಯಿತು.

ಆ ದಿನವೆಲ್ಲ ಯಜಮಾನರು ಆಗಾಗ ಬಂದು, ಚಾರ್ಜ್ ಆಯಿತೇ ಎಂದು ರಿಸೀವರು ಎತ್ತೆತ್ತಿ ನೋಡುತ್ತಿದ್ದರು. "ಯಜಮಾನ್ರೇ, ಬೀಜ ಹಾಕಿ ಮಣ್ಣು ಕೆದಕಿ ನೋಡ್ತೀರಾ?" ಎಂದಳು ಫೋನಕ್ಕ. ಆಮೇಲೆ ಅವರು ಕೈ ಹಚ್ಚಲಿಲ್ಲ.

ಬೆಳಿಗ್ಗೆ ಬಂದು ನೋಡಿದರೆ ರಿಸೀವರಿನ ಸೊಂಟಕ್ಕೆ ಹಸಿರು ಸುತಳಿ. ಇನ್ನೊಂದು ತುದಿ ಫೋನಕ್ಕನ ಮೇಜಿನ ಕಾಲಿಗೆ ಬಿಗಿಯಾಗಿ ಗಂಟು ಹಾಕಿದೆ. ನಮ್ಮ ನರ್ಸರಿಯನ್ನು ಬಲ್ಲವರು ಇದಕ್ಕೆ ಬೆರಗಾಗುವುದಿಲ್ಲ. ಅಲ್ಲಿ ಕತ್ತರಿಗೆ ಸುತಳಿ, ಪೆನ್ನಿಗೆ ಸುತಳಿ, ಕ್ಯಾಲ್ಕುಲೇಟರಿಗೆ ಸುತಳಿ, ನಲ್ಲಿಯ ತಿರುಪಿಗೂ ಸುತಳಿ. ಗಿಡಗಳ ಮಧ್ಯೆ ಕೈ ಜಾರಿದ್ದು ಮತ್ತೆ ಸಿಗುವುದಿಲ್ಲ, "ಮಣ್ಣು ನುಂಗಿಬಿಡುತ್ತೆ" ಎನ್ನುವುದು ಯಜಮಾನರ ಮಾತು. ಆದರೂ ನನಗೆ ತಡೆಯಲಾಗಲಿಲ್ಲ.

"ಯಜಮಾನ್ರೇ, ವೈರು ಬೇಡ ಅಂತಲೇ ಅಲ್ವಾ ಈ ಫೋನು ತಂದಿದ್ದು? ಪೀಠದ ಮೇಲೆ ಒಂದು ಗುಂಡಿ ಇದೆ, ಒತ್ತಿದ್ರೆ ಎಲ್ಲಿದ್ರೂ ಕೂಗುತ್ತೆ."

"ಕರೆಂಟು ಹೋದಾಗ?" ಎಂದರು. "ಪೀಠಕ್ಕೆ ಕರೆಂಟು ಇಲ್ಲದಿದ್ರೆ ಗುಂಡಿ ಒತ್ತಿ ಏನು ಬಂತು? ಕುಂಡದೊಳಗೆ ಬಿದ್ರೆ ಮಣ್ಣು ಮುಚ್ಚಿ ಮಾರಿಬಿಡ್ತೀರಿ ನೀವುಗಳು. ಒಂದು ಸಲ ಕಳೀತು ಅಂದ್ರೆ ಎಂಟು ದಿನ ಕಾಯಲ್ಲ, ವಾಪಸ್ ಕಳಿಸಿಬಿಡ್ತೀನಿ."

ನಾನು ಮುಸುಡಿ ಊದಿಸಿಕೊಂಡು ಕೂತೆ. ಫೋನಕ್ಕ ಜಗಳಕ್ಕೆ ಹೋಗುವವಳಲ್ಲ. ಅವಳು ಮರುದಿನ ಬಹಳ ಮೆತ್ತಗೆ ಕೇಳಿದಳು: "ಯಜಮಾನ್ರೇ, ದಾಸವಾಳದ ಬಣ್ಣ ಯಾವುದು ಅಂತ ಕೇಳ್ತಾರೆ, ಹಿಂಬಾಗಿಲವರೆಗೂ ಬಂದ್ರೆ ನೋಡಿ ಹೇಳಬಹುದು. ಸುತಳಿ ಒಂಚೂರು ಉದ್ದ ಮಾಡ್ಲಾ?" ವ್ಯಾಪಾರದ ಮಾತು, ಯಜಮಾನರು ಒಪ್ಪಿದರು. ಬಾಗಿಲಾದ ಮೇಲೆ ಮೆಟ್ಟಿಲು, ಮೆಟ್ಟಿಲಾದ ಮೇಲೆ ಗುಲಾಬಿ ಸಾಲು. ಅವಳು ಗಿಡದ ಎದುರೇ ನಿಂತು, "ಇಗೋ, ಈಗ ನನ್ನ ಮುಂದೇನೇ ಒಂದು ಅರಳ್ತಾ ಇದೆ" ಎಂದು ವರ್ಣಿಸತೊಡಗಿದರೆ ಆ ಕಡೆಯವರು ಬೇಡ ಎನ್ನುವುದಾದರೂ ಹೇಗೆ? ಒಂದೇ ತೊಂದರೆ ಎಂದರೆ ಗುಲಾಬಿ ಸಾಲು ದಾಟುತ್ತಲೇ ಫೋನು ಕರಕರ ಎನ್ನುತ್ತಿತ್ತು. ನನಗೆ ಅಂಗಡಿಯವನ ಮಾತು ನೆನಪಾಯಿತು. ಮನೆಯಿಂದ ಉದ್ದ ವೈರಿನ ಪ್ಲಗ್ಗು ತಂದು, ಪೀಠವನ್ನು ಬೀರುವಿನ ಸಂದಿಯಿಂದ ಎತ್ತಿ ಹಿಂಬದಿಯ ಕಿಟಕಿಯ ಮೇಲೆ ಕೂರಿಸಿದೆ. ಕರಕರ ನಿಂತಿತು. ಉಳಿದದ್ದು ಸುತಳಿಯೊಂದೇ.

ಏಳನೆಯ ದಿನ ಆ ಸುತಳಿ ನನ್ನನ್ನು ಕೆಡವಿತು. ಬಿಲ್ ಪುಸ್ತಕ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ, ಕಾಲಿಗೆ ತೊಡರಿಕೊಂಡು ಮುಗ್ಗರಿಸಿ ಗೊಬ್ಬರದ ಮೂಟೆಯ ಮೇಲೆ ಬೋರಲು ಬಿದ್ದೆ. ಗಿರಾಕಿಗಳು ನಗಲಿಲ್ಲ, ಅದಕ್ಕೆ ಇನ್ನೂ ಕೋಪ ಬಂತು. ಎದ್ದವಳೇ ಒಳಗೆ ನುಗ್ಗಿ ಸುತಳಿ ಕತ್ತರಿಸಲು ಕತ್ತರಿ ಹಿಡಿದೆ. ಎಳೆದರೆ ಬರಲಿಲ್ಲ. ಕತ್ತರಿಯ ಸುತಳಿ ನನ್ನ ಮೇಜಿನ ಅಂಚಿನವರೆಗೆ ಮಾತ್ರ, ಕೆಳಗೆ ಫೋನಕ್ಕನ ಮೇಜಿನ ಕಾಲಿಗೆ ಸಾಲದು!

"ಭಾವಾ, ಚಾಕು ತಗೊಂಡು ಬನ್ನಿ" ಎಂದು ತೋಟವೆಲ್ಲ ಕೇಳುವಂತೆ ಕಿರುಚಿದೆ.

ಭಾವ ಓಡಿ ಬಂದರು, ಕೈಯಲ್ಲಿ ಕಸಿ ಚಾಕು. ಯಜಮಾನರೂ ಬಂದರು. ಸುತಳಿಯ ತುದಿಯಲ್ಲಿ ಫೋನಕ್ಕ ರಿಸೀವರು ಎದೆಗವುಚಿಕೊಂಡು ನಿಂತಿದ್ದಳು. ನಾನು ಕಡಿಯಿರಿ ಎಂದೆ, ಯಜಮಾನರು ಕಡಿಯಬೇಡಿ ಎಂದರು. ಭಾವ ಮಾತು ಕಮ್ಮಿಯ ಮನುಷ್ಯ, ಗಿಡದ ಹತ್ತಿರವೂ ಕಣ್ಣಲ್ಲೇ ಮಾತಾಡುವವರು. ಅವರು ಚಾಕುವನ್ನು ಅಂಗೈಯ ಮೇಲಿಟ್ಟು ಯಜಮಾನರಿಗೆ ತೋರಿಸಿದರು.

"ಇದು ಯಾವತ್ತಾದ್ರೂ ಕಳೆದಿದೆಯಾ ಯಜಮಾನ್ರೇ?"

"ಇಲ್ಲ."

"ಇದಕ್ಕೆ ಸುತಳಿ ಇದೆಯಾ?"

ಯಜಮಾನರು ಚಾಕು ನೋಡಿದರು. ಇಡೀ ನರ್ಸರಿಯಲ್ಲಿ ಸುತಳಿಯಿಲ್ಲದ ವಸ್ತು ಅದೊಂದೇ ಎಂಬುದು ಅವರಿಗೂ ಆಗಲೇ ಹೊಳೆದದ್ದು.

"ಅದು ನಿಮ್ಮ ಕೈ ಬಿಟ್ಟು ಇರಲ್ಲವಲ್ಲ" ಎಂದರು.

"ಇವಳ ಕೈಯೂ ಫೋನು ಬಿಟ್ಟು ಇದ್ದಿದ್ದನ್ನ ನಾನು ನೋಡಿಲ್ಲ" ಎಂದರು ಭಾವ.

ಫೋನಕ್ಕ ತಲೆ ತಗ್ಗಿಸಿದಳು. ಯಜಮಾನರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಕೊನೆಗೆ, "ನಾಳೆ ಒಂದು ದಿನ ನೋಡ್ತೀನಿ. ಫೋನು ಕಳೀಬಾರದು, ಮೂರನೇ ರಿಂಗು ದಾಟಬಾರದು. ದಾಟಿದ್ರೆ ಸಂಜೆ ಅಂಗಡಿಯವನು ಬಂದಾಗ ಕೊಟ್ಟು ಕಳಿಸ್ತೀನಿ" ಎಂದರು. ಭಾವ ಒಂದೇ ಏಟಿಗೆ ಸುತಳಿ ಕೊಯ್ದರು.

ಮರುದಿನ ನಾನು ಮನೆಗೆ ಊಟಕ್ಕೆ ಹೋಗಲಿಲ್ಲ. ಫೋನಕ್ಕ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಫೋನು ಹಿಡಿದು ಹಿಂಬಾಗಿಲಿಂದ ಹೊರಟಳು. ಗುಲಾಬಿ ಸಾಲು ದಾಟಿದಳು, ನೀರಿನ ತೊಟ್ಟಿಯ ಹಿಂದೆ ಮರೆಯಾದಳು. ಅವಳು ಮರೆಯಾದದ್ದೇ ತಡ, ಯಜಮಾನರು ಚಪ್ಪಲಿ ಮೆಟ್ಟಿಕೊಂಡು ರಸ್ತೆಯಾಚೆಯ ಗೊಬ್ಬರದ ಅಂಗಡಿಗೆ ನಡೆದರು. ಏಕೆಂದು ನನಗೆ ತಿಳಿಯದೇ? ನಾನೂ ಬೆನ್ನಿಗೇ ಹೋದೆ. ಅವರು ಆ ಅಂಗಡಿಯ ಫೋನೆತ್ತಿ ನಮ್ಮದೇ ನಂಬರು ತಿರುಗಿಸಿದರು. ನಾನು ನಾಚಿಕೆ ಬಿಟ್ಟು ಕಿವಿ ಹತ್ತಿರ ತಂದೆ. ಅವರು ಬೇಡ ಎನ್ನಲಿಲ್ಲ.

ಒಂದು ರಿಂಗು. ತೊಟ್ಟಿಯ ಕಾಂಕ್ರೀಟು ಗೋಡೆ ಅಡ್ಡವಿದೆ ಎಂದು ನನಗೆ ಆಗಲೇ ನೆನಪಾದದ್ದು. ಎರಡು ರಿಂಗು. ಯಜಮಾನರು ನನ್ನ ಮುಖ ನೋಡಿದರು.

"ಹಲೋ, ನರ್ಸರಿ" ಎಂದಳು ಫೋನಕ್ಕ. ಬಾಯಲ್ಲಿ ತುತ್ತಿತ್ತು, ಆದರೂ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು. ಯಜಮಾನರು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಅವಳ ಹಿಂದಿನಿಂದ ಭಾವನ ಧ್ವನಿ ಕೇಳಿತು.

"ಪಲ್ಯಕ್ಕೆ ಉಪ್ಪು ಒಂಚೂರು ಕಮ್ಮಿ."

"ಇವತ್ತು ಕಮ್ಮಿ ಆಗಿದೆಯಾ?" ಫೋನಕ್ಕ ಫೋನು ಹಿಡಿದಿರುವುದನ್ನೇ ಮರೆತು ಕೇಳಿದಳು.

"ದಿನಾನೂ ಕಮ್ಮಿನೇ ಇರುತ್ತೆ."

"ಅಯ್ಯೋ ದೇವರೇ. ಇಷ್ಟು ವರ್ಷ ಒಂದು ದಿನಾನೂ ಹೇಳ್ಲಿಲ್ವಲ್ಲ ರೀ."

"ಸಂಜೆ ಹೊತ್ತಿಗೆ ಮರೆತು ಹೋಗುತ್ತೆ. ತಿನ್ನೋವಾಗ ಹೇಳೋಣ ಅಂದ್ರೆ ನೀನು ಪಕ್ಕದಲ್ಲಿ ಇರ್ತಿರಲಿಲ್ವಲ್ಲ."

ಆಮೇಲೆ ಫೋನಕ್ಕ ನಕ್ಕಳು. ಅಂಥ ನಗುವನ್ನು ನಾನು ಅವಳ ಮೇಜಿನ ಪಕ್ಕ ಕೂತು ಎಂದೂ ಕೇಳಿರಲಿಲ್ಲ, ನನಗೆ ಅಳುವೇ ಬಂತು. ಯಜಮಾನರು ಏನೂ ಆಡದೆ, ಸದ್ದಾಗದಂತೆ ರಿಸೀವರು ಕೆಳಗಿಟ್ಟರು. ಗೊಬ್ಬರದ ಅಂಗಡಿಯವರು ಯಾರಿಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ, "ರಾಂಗ್ ನಂಬರ್" ಎಂದರು.

ಸಂಜೆ ಫೋನಿನ ಅಂಗಡಿಯವನು ಬಂದಾಗ ಯಜಮಾನರು ಮನಿ ಪ್ಲಾಂಟಿನ ಎಲೆ ಒರೆಸುತ್ತಿದ್ದರು. ತಿರುಗಿ ನೋಡದೆ, "ಇರಲಿ ಬಿಡಪ್ಪ ಅದು" ಎಂದರು. ಫೋನಕ್ಕ ನನ್ನ ಕಡೆ ವಾಲಿ ದೂರು ಹೇಳಿದಳು: "ಮಧ್ಯಾಹ್ನ ಯಾರೋ ಮಾಡಿ ಮಾತೇ ಆಡದೆ ಇಟ್ಬಿಟ್ರು ಕಣೇ. ಜನ ಊಟ ಮಾಡೋ ಹೊತ್ತು ಅಂತ ಬುದ್ಧಿ ಬೇಡ್ವಾ?" ಯಜಮಾನರು ಒಂದೇ ಎಲೆಯನ್ನು ಮತ್ತೆ ಮತ್ತೆ ಒರೆಸಿದರು.

ಮಾರನೆಯ ದಿನದಿಂದ ಫೋನಕ್ಕನ ಡಬ್ಬಿಯ ಜೊತೆ ಒಂದು ಚಿಕ್ಕ ಉಪ್ಪಿನ ಡಬ್ಬಿಯೂ ತೊಟ್ಟಿಯ ಆಚೆಗೆ ಹೋಗತೊಡಗಿತು. ವಾರ ಕಳೆಯುವುದರೊಳಗೆ ಯಜಮಾನರು ಅದಕ್ಕೆ ಸುತಳಿ ಕಟ್ಟಿದ್ದರು, ಒಂದು ತುದಿ ಉಪ್ಪಿನ ಡಬ್ಬಿಗೆ, ಇನ್ನೊಂದು ತುದಿ ಚಪ್ಪರದ ಕಂಬಕ್ಕೆ. ಪಕ್ಕದಲ್ಲಿ ಕೂರಲು ಎರಡು ಸ್ಟೂಲುಗಳನ್ನೂ ಅವರೇ ಇಡಿಸಿದ್ದರು.