ಹೊಸ ಗಾಡಿಗೆ ಉಪ್ಪು-ಮೆಣಸಿನಕಾಯಿ

ಗೋವಾದ ಮಡಗಾಂವಿನ ಮೋತಿ ಡೊಂಗರ್ ಬಡಾವಣೆಯ ನಮ್ಮ ಓಣಿಯಲ್ಲಿ ಹುಲಿಗೆಮ್ಮನವರನ್ನು ಎಲ್ಲರೂ ಶೋರೂಮ್ ಹುಲಿಗೆಮ್ಮ ಎಂದೇ ಕರೆಯುತ್ತಾರೆ. ಅವರ ಊರು ಕುಷ್ಟಗಿಯ ಹತ್ತಿರ. ಊರೊಳಗಿನ ಶೋರೂಮೊಂದರಲ್ಲಿ ಕಸ ಹೊಡೆದು, ನೆಲ ಒರೆಸಿ, ಚಹಾ ಮಾಡುತ್ತಿದ್ದರು. ಕಡಲಲ್ಲಿ ಓಡುವ ವಾಟರ್ ಸ್ಕೂಟರು, ಮರಳಲ್ಲೂ ಕಾಡಲ್ಲೂ ಓಡುವ ನಾಲ್ಕು ಗಾಲಿಯ ಕ್ವಾಡ್ ಬೈಕು ಅಲ್ಲಿ ಮಾರಾಟಕ್ಕಿರುತ್ತಿದ್ದವು.

ಗಾಡಿ ಪೂಜೆ ಮೊದಲು ಅವರ ಕೆಲಸವಾಗಿರಲಿಲ್ಲ. ಒಮ್ಮೆ ಭಟ್ಟರು ಬರಲಿಲ್ಲ, ಗಿರಾಕಿಗೆ ಅವಸರ. ಮಾಲೀಕರಾದ ಕಾರವಾರದ ಕಮಲಾಕರ ಶೇಟರು, "ಹುಲಿಗೆಮ್ಮಾ, ನೀನೇ ಮಾಡಿಬಿಡು" ಎಂದರು. ಹುಲಿಗೆಮ್ಮ ಕುಂಕುಮ ಹಚ್ಚಿ, ಗಾಲಿಗೊಂದು ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಆಮೇಲೆ ಯಾರೂ ಭಟ್ಟರನ್ನು ಕರೆಯಲಿಲ್ಲ.

ಆಗ ಸೀಸನ್ ಶುರುವಾದರೆ ವಾರಕ್ಕೊಂದು ಪೂಜೆ ಇರುತ್ತಿತ್ತು. ಬರಬರುತ್ತ ಅದು ನಿಂತುಹೋಯಿತು. ಕಡಲತೀರದಲ್ಲಿ ಗಾಡಿ ಇಳಿಸಿದರೆ ಪೊಲೀಸರು ಹಿಡಿಯುತ್ತಿದ್ದರು. ವಾಟರ್ ಸ್ಕೂಟರು ನಡೆಸುವವರು ಹಳೆಯ ಇಂಜಿನ್ನನ್ನೇ ರಿಪೇರಿ ಮಾಡಿಸಿಕೊಂಡರು. ಹುಡುಗರು ಬ್ಯಾಟರಿ ಸ್ಕೂಟರಿನ ಕಡೆ ಹೋದರು. ಪುಣೆಯಿಂದ ಬಂದ ಕಂಪನಿಯವರು ಕಮಲಾಕರರಿಗೆ ನೇರವಾಗಿಯೇ ಹೇಳಿ ಹೋದರು: ಈ ತಿಂಗಳೊಳಗೆ ಒಂದಾದರೂ ಕ್ವಾಡ್ ಹೋಗದಿದ್ದರೆ ಏಜೆನ್ಸಿ ರದ್ದು ಮಾಡಿ ಬೋರ್ಡ್ ಇಳಿಸುತ್ತೇವೆ. ಬೋರ್ಡ್ ಇಳಿದರೆ ಹುಲಿಗೆಮ್ಮನವರ ಕೆಲಸವೂ ಹೋಗುತ್ತಿತ್ತು.

ಶೋರೂಮಿನಲ್ಲಿ ಉಳಿದಿದ್ದದ್ದು ಒಂದೇ ಕ್ವಾಡ್, ಕೆಂಪು ಬಣ್ಣದ್ದು. ಅದು ಹೊಸದಾಗಿರಲಿಲ್ಲ. ಅದನ್ನು ಮೊದಲು ಒಂದು ರೆಸಾರ್ಟಿನವರು ಒಯ್ದಿದ್ದರು. ಅಲ್ಲಿ ಒಬ್ಬ ಪ್ರವಾಸಿಯ ಮೇಲೆ ಮಗುಚಿ ಬಿದ್ದು ಅವನ ಭುಜದ ಮೂಳೆ ಮುರಿದಿತ್ತು. ರೆಸಾರ್ಟಿನವರು ಗಾಡಿಯನ್ನು ಹಿಂದಕ್ಕೆ ತಂದು ಬಿಟ್ಟು ಹಣ ವಾಪಸು ಪಡೆದರು, ಆ ಮಾರಾಟ ರದ್ದಾಯಿತು. ಮೆಕ್ಯಾನಿಕ್ ಹ್ಯಾಂಡಲ್ ಬದಲಿಸಿ ಬಣ್ಣ ಹಚ್ಚಿದ. ಬಣ್ಣ ಹಚ್ಚುವ ಮೊದಲು, ಗಾಡಿಯ ಮೂತಿಯ ಮೇಲೆ ಉಳಿದಿದ್ದ ಕುಂಕುಮವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ತೆಗೆದವರು ಹುಲಿಗೆಮ್ಮನೇ. ಆ ಕುಂಕುಮ ಹಚ್ಚಿದ್ದೂ ಅವರೇ. ಕ್ವಾಡಿಗೆ ರಸ್ತೆಯ ನೋಂದಣಿ ಇರುವುದಿಲ್ಲ, ನಂಬರ್ ಪ್ಲೇಟೂ ಇಲ್ಲ. ಹಾಗಾಗಿ ಹಿಂದೆ ಯಾರದಾಗಿತ್ತು ಎಂದು ಗಿರಾಕಿಗೆ ತಿಳಿಯುವಂತಿರಲಿಲ್ಲ.

ತಿಂಗಳ ಕೊನೆಯ ವಾರ, ಗಣಿಗಳ ಕಡೆಯ ಸಾವರ್ಡೆಯಿಂದ ಅಪ್ಪಾಸಾಬ ಬಂದರು. ಮೂಲತಃ ವಿಜಯಪುರದ ಕಡೆಯವರು, ಗಣಿಯ ಅದಿರು ಸಾಗಿಸುತ್ತಿದ್ದ ಟ್ರಕ್ಕಿನ ಮಾಲೀಕರು. ಗಣಿ ಕೆಲಸ ನಂಬುವಂತಿಲ್ಲ ಎಂದು ಟ್ರಕ್ ಮಾರಿ, ಗೇರು ತೋಟವೊಂದರಲ್ಲಿ ಪ್ರವಾಸಿಗರಿಗೆ ಕ್ವಾಡ್ ಸವಾರಿ ಶುರು ಮಾಡುವವರಿದ್ದರು. ಸವಾರಿ ನಡೆಸಬೇಕಾದವಳು ಮಗಳು ಸೌಂದರ್ಯಾ. ಅವಳು ಆಗಲೇ ಸೀಟಿನ ಮೇಲೆ ಕುಳಿತು ಎಕ್ಸಲರೇಟರ್ ತಿರುವುತ್ತಿದ್ದಳು.

"ಮೆಲ್ಲಕ ಮೆಲ್ಲಕ. ಇನ್ನ ನಮ್ಮದಾಗಿಲ್ಲ ಅದು" ಎಂದರು ಅಪ್ಪಾಸಾಬ.

"ನಿನ್ನ ಟ್ರಕ್ಕಿಗಿಂತ ಚಲೋ ಐತಿ ಬಿಡಪ್ಪಾ. ಅದು ಚಾಲೂ ಮಾಡಿದ್ರ ಸಾಕು, ಕೆಮ್ಮತಿತ್ತು."

"ಆ ಕೆಮ್ಮೂ ಟ್ರಕ್ಕ ನಿನಗ ಸಾಲಿ ಕಲಿಸೇತಿ. ಬಾಳ ಮಾತಾಡಬ್ಯಾಡ."

ಕಮಲಾಕರರು ಜೋರಾಗಿ ನಕ್ಕರು. ನಗುತ್ತಲೇ ಹುಲಿಗೆಮ್ಮನವರ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಕುಂಕುಮ ಹಚ್ಚು, ಕಾಯಿ ಒಡಿ. ಬೇಗ ಮುಗಿಸು."

ಹುಲಿಗೆಮ್ಮ ತಟ್ಟೆ ಹಿಡಿದು ಗಾಡಿಯ ಮುಂದೆ ನಿಂತರು. ಬೆರಳನ್ನು ಕುಂಕುಮದಲ್ಲಿ ಅದ್ದಿದರು. ಸೌಂದರ್ಯಾ ಹ್ಯಾಂಡಲಿನ ಮೇಲೆ ಬಾಗಿ ಅವರನ್ನು ನೋಡಿ ನಕ್ಕಳು. ಬೆರಳು ಮುಂದಕ್ಕೆ ಹೋಗಲಿಲ್ಲ. ತಟ್ಟೆಯನ್ನು ನೆಲಕ್ಕಿಟ್ಟು ಅವರು ಚಹಾ ಮಾಡುವ ಕೋಣೆಗೆ ಹೋದರು.

"ಏನು ಮರೆತಳೋ" ಎಂದರು ಕಮಲಾಕರರು.

ಹುಲಿಗೆಮ್ಮ ಮುಷ್ಟಿ ಬಿಗಿಹಿಡಿದು ಬಂದರು. ಯಾರನ್ನೂ ನೋಡದೆ ಆ ಮುಷ್ಟಿಯನ್ನು ಗಾಡಿಯ ಸುತ್ತ ನಿವಾಳಿಸತೊಡಗಿದರು. ಬೆರಳ ಸಂದಿನಿಂದ ಉಪ್ಪು ಉದುರಿತು. ಒಣ ಮೆಣಸಿನಕಾಯಿಯ ತುದಿ ಕಾಣಿಸಿತು.

ಅಪ್ಪಾಸಾಬರ ಮುಖದ ನಗು ಹೋಯಿತು. "ಯಕ್ಕಾ, ನಿಲ್ಲ. ಇದೇನ್ ಮಾಡಾಕತ್ತಿ?"

ಹುಲಿಗೆಮ್ಮ ಇನ್ನೊಂದು ಸುತ್ತು ನಿವಾಳಿಸಿದರು.

"ಅದು ಅವಳ ಊರ ಪದ್ಧತಿ ಇವ್ರೇ. ದೃಷ್ಟಿ ತೆಗಿಯೋದು" ಎಂದರು ಕಮಲಾಕರರು.

"ಊರು ಕುಷ್ಟಗಿ ಕಡೆ ಅಂತ ಯಕ್ಕ ಆಗಳೇ ಹೇಳ್ಯಾರ. ಅವರೂರು ನಮ್ಮೂರು ಒಂದ ಕಡೀವ್ರಿ ಶೇಟ್ರ. ನಮ್ಮ ಕಡೆ ಹೊಸಾ ಗಾಡಿಗೆ ಉಪ್ಪು-ಮೆಣಸಿನಕಾಯಿ ತಗಿಯಂಗಿಲ್ಲ. ಒಬ್ಬರ ಕೈಯಾಗಿಂದ ಇನ್ನೊಬ್ಬರ ಕೈಗೆ ಬಂದ ಗಾಡಿಗೆ ತಗೀತಾರ, ಹಿಂದಿನಾಂವಗ ಆಗಿದ್ದು ನಮಗ ಆಗಬಾರದಂತ. ನಾ ಸೆಕೆಂಡ್ ಹ್ಯಾಂಡ್ ಟ್ರಕ್ ತಗೊಂಡಾಗೆಲ್ಲಾ ತಗಸೀನಿ." ಅವರು ಹುಲಿಗೆಮ್ಮನವರ ಕಡೆ ತಿರುಗಿದರು. "ಹೇಳ ಯಕ್ಕಾ. ಯಾರಿಗೆ ಏನಾಗೇತಿ ಇದರ ಮ್ಯಾಲ?"

"ನನಗ ಕೇಳಬ್ಯಾಡ್ರಿ ಅಣ್ಣಾರ. ಶೇಟ್ರನ್ನ ಕೇಳ್ರಿ."

ಕಮಲಾಕರರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಒಮ್ಮೆ ಮಗುಚಿತ್ತು" ಎಂದರು. "ರಿಪೇರಿ ಮಾಡಿಸಿದ್ದೇನೆ. ಪೂರಾ ಹೊಸದರ ಹಾಗೇ ಇದೆ."

"ಇಳಿಯವ್ವಾ" ಎಂದರು ಅಪ್ಪಾಸಾಬ ಮಗಳಿಗೆ.

"ಅಪ್ಪಾ..."

"ಇಳಿ ಅಂದ್ನಲ್ಲಾ!"

ಅವಳು ಇಳಿದಳು. ಕಮಲಾಕರರು ರೇಟು ಇಳಿಸುತ್ತೇನೆ ಎಂದರು. ಅಪ್ಪಾಸಾಬ ಬಾಗಿಲಲ್ಲಿ ನಿಂತು ಹೇಳಿದರು: "ಹಳೇದು ಅಂತ ಮೊದಲ ಹೇಳಿದ್ರ ನಮ್ಮ ಮಿಸ್ತ್ರಿಗೆ ತೋರಿಸಿ ನಾನ ತಗೋತಿದ್ನಿ. ಹಳೇ ಗಾಡಿ ನನಗೇನ್ ಹೊಸದಲ್ಲ. ಇನ್ನ ನಿಮ್ಮ ಯಾವ ಮಾತು ನಂಬ್ಲಿ?"

ಅವರ ಪಿಕಪ್ ಖಾಲಿ ವಾಪಸು ಹೋಯಿತು.

ಅಂದು ಬೈಗುಳ ಬೀಳುತ್ತದೆ ಎಂದು ಹುಲಿಗೆಮ್ಮ ಕಾದರು. ಬೀಳಲಿಲ್ಲ. ಕಮಲಾಕರರು ತಿಂಗಳು ಮುಗಿಯುವವರೆಗೂ ಅವರ ಜೊತೆ ಮಾತಾಡಲಿಲ್ಲ. ಚಹಾ ಇಟ್ಟರೆ ಕುಡಿಯುತ್ತಿದ್ದರು, ಅಷ್ಟೇ. ಆಮೇಲೆ ಪುಣೆಯವರು ಬಂದು ಬೋರ್ಡ್ ಇಳಿಸಿಕೊಂಡು ಹೋದರು. ಕಡೆಯ ದಿನ, ಕಾರವಾರಕ್ಕೆ ಹೋಗುವ ಟೆಂಪೋದಲ್ಲಿ ಮೇಜು ಕುರ್ಚಿಗಳ ಜೊತೆ ಕೆಂಪು ಕ್ವಾಡನ್ನೂ ಹಗ್ಗ ಹಾಕಿ ಕಟ್ಟಿದರು. ಶಟರ್ ಎಳೆದ ಮೇಲೆ ಕಮಲಾಕರರು ಕೇಳಿದರು:

"ಬೇಕಂತಲೇ ಮಾಡಿದ್ಯಾ ಹುಲಿಗೆಮ್ಮಾ?"

"ಹೌದ್ರಿ."

"ನನಗೆ ಮೊದಲೇ ಹೇಳಬಹುದಿತ್ತು."

"ಹೇಳಿದ್ದೆರಿ. ಬಣ್ಣ ಹಚ್ಚೂ ಮುಂದ ಹೇಳಿದ್ದೆ, ಹೊಸದಂತ ಮಾರಬ್ಯಾಡ್ರಿ ಅಂತ. ನೀವು, ಚಹಾ ಮಾಡ್ಹೋಗು ಅಂದ್ರಿ."

ಕಮಲಾಕರರು ಬಗ್ಗಿ ಶಟರಿಗೆ ಬೀಗ ಹಾಕಿದರು.

"ಆ ಗಾಡೀನ ಏನ್ ಮಾಡ್ತೀರಿ ಶೇಟ್ರ?" ಎಂದು ಹುಲಿಗೆಮ್ಮನೇ ಕೇಳಿದರು.

"ಬಿಚ್ಚಿ ಬಿಡಿಭಾಗ ಮಾರ್ತೇನೆ. ಗಾಡಿ ಅಂತ ಮಾರೋದಿಲ್ಲ."

"ಹಂಗ ಮಾಡ್ರಿ" ಎಂದು ಹೇಳಿ ಹುಲಿಗೆಮ್ಮ ದಾಬೋಲಿಮ್ ಕಡೆಯ ಬಸ್ಸು ಹತ್ತಿದರು. ಅಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದ್ದರು.