ದನ ಅಯಾನು

ನಾನು ಪಾಠ ಮಾಡಿದ ರಸಾಯನಶಾಸ್ತ್ರದಲ್ಲಿ ಕ್ಲೋರಿನ್‌ಗೆ ನಮ್ಮ ಹೆಡ್‌ಮಾಸ್ಟರ ಗಂಟಲಿತ್ತು. ಇದು ಪಠ್ಯಪುಸ್ತಕದಲ್ಲಿ ಇಲ್ಲ. ಇದ್ದಿದ್ದರೆ ನಾನು ಅಷ್ಟು ಪಡಿಪಾಟಲು ಪಡಬೇಕಾಗಿರಲಿಲ್ಲ.

ಹುಣಸೂರಿಂದ ಕೋಟೆ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಗುರುಪುರದ ಆಸುಪಾಸಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಅತಿಥಿ ಶಿಕ್ಷಕ. ಅತಿಥಿ ಅಂದರೆ ಕುರ್ಚಿ ಹಾಕಿ ಕಾಫಿ ಕೊಡುತ್ತಾರಲ್ಲ, ಆ ಅತಿಥಿಯಲ್ಲ. ಈ ಅತಿಥಿ ಕುರ್ಚಿಯನ್ನು ಪಕ್ಕದ ಕೊಠಡಿಯಿಂದ ತಾನೇ ಹೊತ್ತು ತರಬೇಕು, ಕಾಫಿಯನ್ನು ಬೇರೆಯವರಿಗೆ ತರಿಸಬೇಕು, ಮಾರ್ಚಿ ಬಂದಾಗ ಯಾರೂ ಹೇಳುವ ಮೊದಲೇ ಎದ್ದು ಹೋಗಬೇಕು. ಸೇರಿದ ಮೊದಲ ದಿನವೇ ಪಿ.ಟಿ. ಮಾಸ್ಟರು ನನ್ನ ಮೀಸೆಯ ಖಾಲಿ ಜಾಗ ನೋಡಿ, ಯೂನಿಫಾರಂ ಎಲ್ಲೋ ಎಂದು ಗದರಿ ಪ್ರಾರ್ಥನೆಯ ಸಾಲಿಗೆ ತಳ್ಳಿದರು. ನಾನೂ ಕೈಮುಗಿದು ನಿಂತೆ. ಅದರಿಂದ ನಷ್ಟವೇನೂ ಆಗಲಿಲ್ಲ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವರ ಗಂಟಲು ನನಗೆ ಬಂದುಬಿಟ್ಟಿತ್ತು.

ಗಂಟಲು ಕದಿಯುವುದು ನನಗೆ ಹುಟ್ಟುಗುಣ. ನಮ್ಮೂರು ಸರಗೂರಿನಲ್ಲಿ ದನದ ಡಾಕ್ಟರಿಂದ ಹಿಡಿದು ಪಕ್ಕದ ಮನೆಯ ಕುಕ್ಕರಿನವರೆಗೆ ಎಲ್ಲರ ದನಿಯಲ್ಲೂ ಕೂಗಿದ್ದೇನೆ. ನನ್ನ ಸ್ವಂತ ದನಿ ಯಾವುದು ಅನ್ನುವುದು ಮಾತ್ರ ಅವ್ವನಿಗೂ ಖಾತ್ರಿಯಿಲ್ಲ. ಫೋನ್ ಮಾಡಿದರೆ ಇವತ್ತಿಗೂ "ಯಾರಪ್ಪ ನೀನು?" ಅಂತಲೇ ಶುರು ಮಾಡುತ್ತಾಳೆ.

ಪರಮಾಣುವಿನ ರಚನೆಯನ್ನು ನಾನು ಗ್ರಾಂಥಿಕವಾಗಿಯೇ ಆರಂಭಿಸಿದೆ. ನ್ಯೂಕ್ಲಿಯಸ್ಸಿನ ಸುತ್ತ ನಿರ್ದಿಷ್ಟ ಕವಚಗಳಲ್ಲಿ ಎಲೆಕ್ಟ್ರಾನುಗಳು ಪರಿಭ್ರಮಿಸುತ್ತವೆ, ಎಂದೆ. ಕಿಟಕಿಯ ಕಡೆಯ ಸಾಲು ಮೊದಲು ತೂಕಡಿಸಿತು, ಆಮೇಲೆ ಗೋಡೆಯ ಕಡೆಯದು. ನನಗೂ ಆಕಳಿಕೆ ಬಂತು. ಬೇರೆ ದಾರಿ ಕಾಣದೆ ನಾನು ದಿನಾ ಬರುವ ಕೋಟೆ ಬಸ್ಸಿನ ಕಂಡಕ್ಟರನ್ನು ಕರೆದೆ, ಅಂದರೆ ಅವರ ಗಂಟಲನ್ನು. "ಡ್ರೈವರ್ ಪಕ್ಕ ಇಬ್ರೇ ಕಣ್ರೀ, ಮಿಕ್ಕೋರು ಇಂದಕ್ಕೋಗಿ. ಇಂದ್ಲದ್ರಲ್ಲಿ ಎಂಟ್ ಜನ. ಆಯ್ತಲ್ಲ, ನೀನ್ ಒಬ್ಬ ಫುಟ್‌ಬೋರ್ಡ್ ಮೇಲ್ ನೇತಾಕ್ಕೊ."

ತರಗತಿ ಎದ್ದು ಕೂತಿತು. ಎರಡು, ಎಂಟು, ಫುಟ್‌ಬೋರ್ಡಿನಲ್ಲಿ ಒಬ್ಬ. ಸೋಡಿಯಂ ಬಸ್ಸು ಹೊರಟಿತು. ಡ್ರೈವರ್ ಪಕ್ಕ ಕೂತವರನ್ನು ಎಬ್ಬಿಸುವುದು ಯಾರ ಕೈಲೂ ಆಗದು, ಫುಟ್‌ಬೋರ್ಡಿನವನು ಮುಂದಿನ ತಿರುವಿನಲ್ಲೇ ಇಳಿದುಹೋದಾನು. ಪುಸ್ತಕ ಒಂದು ಪುಟ ತೆಗೆದುಕೊಂಡು ಹೇಳಿದ್ದೂ ಇಷ್ಟನ್ನೇ.

ಆ ಹುಮ್ಮಸ್ಸಿನಲ್ಲಿ ಅಯಾನಿಕ ಬಂಧಕ್ಕೆ ಕೈಹಾಕಿದೆ. ಸೋಡಿಯಂ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಧನ ಅಯಾನು ಆಗುತ್ತದೆ, ಎಂದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಕ್ಯಾನು ಮನೆಗೆ ಮುಟ್ಟಿಸಿ, ಓಡುತ್ತ ಬರುವವಳು. ತಮಾಷೆ ಮಾಡುವವಳಲ್ಲ.

"ಸಾ, ದನದ ಅಯಾನು ಅಂದ್ರಲ್ಲ. ಅಸೂದಾ, ಎಮ್ಮೇದಾ?"

ನಮ್ಮ ಕಡೆ 'ಧ' ಬರವಣಿಗೆಯಲ್ಲಿ ಮಾತ್ರ ಹೊಟ್ಟೆ ಸೀಳಿಸಿಕೊಳ್ಳುತ್ತದೆ. ಬಾಯಿಗೆ ಬಂದಾಗ ಹೊಲಿಗೆ ಹಾಕಿಸಿಕೊಂಡು 'ದ' ಆಗಿಯೇ ಬರುತ್ತದೆ. 'ಹ' ಅಂತೂ ಹಳ್ಳಿಯ ಗಡಿಯೊಳಗೆ ಕಾಲೇ ಇಡುವುದಿಲ್ಲ. ನಾನು ಮೇಷ್ಟ್ರಾಗಿದ್ದೆನಲ್ಲ, ಬುಡು ಅನ್ನಲಿಕ್ಕಾದೀತೆ? ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಗಾಳಿ ತಾಗುವಂತೆ 'ಧನ' ಅನ್ನಿಸಿದೆ. ಮಕ್ಕಳಿಗೆ ಗಾಳಿ ಬಿಡುವುದು ಎಷ್ಟು ಹಿಡಿಸಿತೆಂದರೆ ಸಂಜೆಯೊಳಗೆ ಸೋಢಿಯಂ, ಖ್ಲೋರಿನ್, ಹೆಲೆಕ್ಟ್ರಾನ್ ಎಲ್ಲ ಹೊಟ್ಟೆ ಸೀಳಿಕೊಂಡು ಬಿದ್ದಿದ್ದವು. 'ಹಯಾನಿಖ ಭಂಧ' ಎಂದು ಒಬ್ಬ ಬೋರ್ಡಿನ ಮೇಲೆ ಬರೆದದ್ದನ್ನು ನೋಡಿ ನಾನು ಶರಣಾದೆ. ಮಾರನೇ ದಿನ ಆ ಹುಡುಗಿಯ ದನವನ್ನೇ ಹಿಡಿದುಕೊಂಡೆ. ದನ ಏನು ಮಾಡುತ್ತದೆ? ಕೊಡುತ್ತದೆ. ಸೋಡಿಯಂ ಏನು ಮಾಡಿತು? ಕೊಟ್ಟಿತು. ಕೊಡೋದು ದನ. ಬರೆಯುವಾಗ ಹೊಟ್ಟೆ ಸೀಳಿ, ನೆನಪಿಟ್ಟುಕೊಳ್ಳುವಾಗ ಹುಲ್ಲು ಹಾಕಿ.

ಇನ್ನು ತೆಗೆದುಕೊಳ್ಳುವವರು ಬೇಕಿತ್ತು. ಅದಕ್ಕೆ ನಾನು ಹೆಚ್ಚು ದೂರ ಹುಡುಕಲಿಲ್ಲ.

ನಮ್ಮ ಹೆಡ್‌ಮಾಸ್ಟರ ಜೇಬಿನಲ್ಲಿ ಯಾವತ್ತೂ ಏಳು ಪೆನ್ನುಗಳ ಬೇಲಿ. ಒಂದೂ ಅವರದಲ್ಲ, ಮತ್ತು ಒಂದೂ ಬರೆಯುವುದಿಲ್ಲ. ಆದ್ದರಿಂದ ಸಹಿ ಹಾಕುವಾಗಲೆಲ್ಲ ತಲೆಯನ್ನು ಎಡಕ್ಕೆ ವಾಲಿಸಿ, ಕೈಚಾಚಿ, ಮೂಗಿನಿಂದ ಒಂದು ಅಪ್ಪಣೆ ಹೊರಡಿಸುತ್ತಾರೆ: "ಒಂದ್ ಪೆನ್ ಕೊಡ್ರೀ ಇಲ್ಲಿ." ಕೊಟ್ಟ ಪೆನ್ನು ಬೇಲಿ ಸೇರುತ್ತದೆ; ಬೆಳಗಾದರೆ ಬೇಲಿಯಲ್ಲಿ ಮತ್ತೆ ಏಳೇ, ಮತ್ತೆ ಬರೆಯದವೇ. ಹೊರಕವಚದಲ್ಲಿ ಏಳಿದ್ದು ಎಂಟನೆಯದಕ್ಕೆ ಕೈಚಾಚುವವರು ಕ್ಲೋರಿನ್ ಅಲ್ಲದೆ ಮತ್ತೇನು? ಪಿ.ಟಿ. ಮಾಸ್ಟರು ಸೋಡಿಯಂ ಆದರು. ಅವರ ಹತ್ತಿರ ಇರುವುದೇ ಒಂದು ಪೆನ್ನು, ಅದೂ ವಿಸಿಲ್ಲಿನ ದಾರಕ್ಕೆ ಸಿಕ್ಕಿಕೊಳ್ಳುತ್ತದೆಂದು ಅವರಿಗೆ ಬೇಡ. "ತಗಳಿ ಸಾರ್, ನಂಗ್ಯಾಕೆ?" ಕೊಟ್ಟವರು ದನ, ಇಸಿದುಕೊಂಡವರು ಋಣ. ಆಮೇಲೆ ಇಬ್ಬರೂ ಟೀ ಅಂಗಡಿಯಲ್ಲಿ ಅಂಟಿಕೊಂಡೇ ಕೂರುತ್ತಾರಲ್ಲ, ಅದೇ ಅಯಾನಿಕ ಬಂಧ. ಪೆನ್ನು ದಾಟಿದ್ದು ಬಂಧವಲ್ಲ, ದಾಟಿದ ಮೇಲೆ ಎಳೆಯುವ ಸೆಳೆತವೇ ಬಂಧ ಎಂದು ಎರಡು ಸಲ ಹೇಳಿದೆ. ನಕ್ಕರೂ ಬರೆದುಕೊಂಡರು.

ಗಣಿತದ ಮೇಡಂ ಒಂದು ದಿನ ಎಚ್ಚರಿಸಿದರು. ಹುಣಸೂರು ಪೇಟೆಯಲ್ಲಿ ಮರಗೆಲಸದ ಮನೆಯವರು, ಅಳತೆ ತಪ್ಪದ ಮಾತು. "ಸರ್, ಹೆಡ್‌ಮಾಸ್ಟರ್ ರೂಮಿಗೂ ನಿಮ್ ಕ್ಲಾಸಿಗೂ ಗೋಡೆ ಒಂದೇ. ಕ್ಲೋರಿನ್ನು ಸ್ವಲ್ಪ ಮೆಲ್ಲಗೆ ಮಾತಾಡ್ಲಿ."

ಹೇಳಿದ್ದು ತಡವಾಯಿತು. ಅದೇ ವಾರ ಹೆಡ್‌ಮಾಸ್ಟರು ಕರೆಸಿ, ವಿಜ್ಞಾನದ ಪರಿವೀಕ್ಷಕರು ಬಂದು ನನ್ನ ಪಾಠಕ್ಕೆ ಕೂರುತ್ತಾರೆ ಎಂದರು. ಅವರು ಸರಿ ಅಂದರೆ ಮುಂದುವರಿಸುವ ಆದೇಶಕ್ಕೆ ಸಹಿ. ಇಲ್ಲವಾದರೆ ಪಿರಿಯಾಪಟ್ಟಣದಿಂದ ಒಬ್ಬರು ಎಂ.ಎಸ್ಸಿ. ಮಾಡಿದವರು ದಿನಾ ಫೋನ್ ಮಾಡುತ್ತಿದ್ದಾರೆ, ಅವರು ಪುಸ್ತಕ ಇದ್ದಹಾಗೇ ಪಾಠ ಮಾಡುತ್ತಾರಂತೆ. 'ಪುಸ್ತಕ ಇದ್ದಹಾಗೇ' ಅನ್ನುವಾಗ ಗೋಡೆಯ ಕಡೆ ನೋಡಿದರು.

ನನಗೆ ಭಾವನ ಗೊಬ್ಬರದ ಅಂಗಡಿ ಕಣ್ಣಮುಂದೆ ಬಂತು. ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಅಲ್ಲಿದ್ದಾಗ ಭಾವ ನನ್ನನ್ನು ಗೌರವದಿಂದಲೇ ನಡೆಸಿಕೊಂಡಿದ್ದರು. "ಮೇಷ್ಟ್ರೇ, ಒಂದೆರಡ್ ಮೂಟೆ ಯೂರಿಯಾ ಇಳಿಸ್ಬುಡಿ" ಅನ್ನುತ್ತಿದ್ದರು. ಈಗ ಅವ್ವ ಸರಗೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳದವರಿಗೂ ಮಗ ಮೇಷ್ಟ್ರು ಅಂತ ಹೇಳಿಕೊಂಡು ಬಂದಿದ್ದಳು. ಮತ್ತೆ ಮೂಟೆ ಇಳಿಸಲು ಹೋದರೆ ಅದನ್ನು ನೋಡುವವರೂ ಅದೇ ಬಸ್ ಸ್ಟ್ಯಾಂಡಿನವರೇ. ಹಾಗಾಗಿ ತರಗತಿಗೆ ಹೋಗಿ ಆಣೆ ಹಾಕಿಸಿಕೊಂಡೆ: ಅವತ್ತು ಬಸ್ಸಿಲ್ಲ, ಪೆನ್ನಿಲ್ಲ, ದನವಿಲ್ಲ.

ಪರಿವೀಕ್ಷಕರು ಕಟ್ಟೆಮಳಲವಾಡಿಯ ಕಡೆ ಯಾವುದೋ ಶಾಲೆ ಮುಗಿಸಿಕೊಂಡು ಬೆವರುತ್ತ ಬಂದರು. ಸಣ್ಣ ಆಳು, ಜೇಬಿನಲ್ಲಿ ಬಂಗಾರದ ಬಣ್ಣದ ಕ್ಲಿಪ್ಪಿನ ಒಂದೇ ಪೆನ್ನು. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೆಡ್‌ಮಾಸ್ಟರು ಬಾಗಿಲಲ್ಲೇ ಅದನ್ನು ಇಸಿದುಕೊಂಡರು. ಆಮೇಲೆ ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತರು.

ನಾನು ಪಿರಿಯಾಪಟ್ಟಣದವರ ಹಾಗೆ ಪಾಠ ಮಾಡಿದೆ. ಅವರನ್ನು ನೋಡಿಲ್ಲ, ಆದರೂ ಅನುಕರಿಸಿದೆ, ಚಟ. ಸ್ಥಿರವಿದ್ಯುತ್ ಆಕರ್ಷಣೆ, ಅಷ್ಟಕ ನಿಯಮ, ವೇಲೆನ್ಸ್ ಕವಚ, ಒಂದೂ ಬಿಡಲಿಲ್ಲ. ಪ್ರಶ್ನೆ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಅವರಿಗೆ ಉತ್ತರ ಗೊತ್ತಿತ್ತು, ಆದರೆ ಗೊತ್ತಿದ್ದ ಉತ್ತರಕ್ಕೆಲ್ಲ ಒಂದೊಂದು ಗಂಟಲಿತ್ತು, ಆ ಗಂಟಲುಗಳಿಗೆ ನಾನೇ ಬೀಗ ಹಾಕಿದ್ದೆ. ಹೆಡ್‌ಮಾಸ್ಟರ ಮುಖದಲ್ಲಿ ಆಗಲೇ ಪಿರಿಯಾಪಟ್ಟಣ ಕಾಣಿಸತೊಡಗಿತ್ತು.

ಕೊನೆಗೆ ಪರಿವೀಕ್ಷಕರೇ ಎದ್ದು ಬಂದು ಎರಡನೇ ಬೆಂಚಿನ ಮುಂದೆ ನಿಂತರು. "ಸೋಡಿಯಂ ಎಲೆಕ್ಟ್ರಾನ್ ಕಳ್ಕೊಳ್ತು. ಕಳ್ಕೊಂಡದ್ದು ಋಣ ಆಗ್ಬೇಕಲ್ವೇನಮ್ಮ? ಧನ ಹೆಂಗಾಯ್ತು?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಸೀಮೆಸುಣ್ಣವನ್ನು ನೋಡಿದೆ. ಅವಳಿಗೆ ನನ್ನ ಆಣೆಗಿಂತ ಸೋಡಿಯಂ ಮೇಲೆ ಮರುಕ ಹೆಚ್ಚಾಯಿತು ಅಂತ ಕಾಣುತ್ತದೆ.

"ಕಳ್ಕಳ್ಳಿಲ್ಲ ಸಾ, ಕೊಡ್ತು. ಕೊಡೋದು ದನ. ಒಳಗೆ ಅನ್ನೊಂದು ಪ್ರೋಟಾನು ಅಂಗೇ ಅವೆ, ಒರಗೆ ಎಲೆಕ್ಟ್ರಾನು ಅತ್ತೇ ಉಳ್ಕಂಡೊ. ಪ್ಲಸ್ಸು ಒಂದ್ ಎಚ್ಚಾಯ್ತು."

ಪರಿವೀಕ್ಷಕರ ಹುಬ್ಬು ಮೇಲೇರಿತು. "ಅದ್ನ ಯಾರು ಇಸ್ಕೊಂಡ್ರು?"

ಅವಳು ತಲೆಯನ್ನು ಎಡಕ್ಕೆ ವಾಲಿಸಿದಳು. ನಾನು ಬೇಡವೆಂದು ಸೀಮೆಸುಣ್ಣ ಆಡಿಸಿದೆ. ಅವಳು ಕೈಚಾಚಿ, ಮೂಗಿನಿಂದ, ನನಗಿಂತ ಚೆನ್ನಾಗಿ ಹೇಳಿದಳು: "ಒಂದ್ ಪೆನ್ ಕೊಡ್ರೀ ಇಲ್ಲಿ."

ಪರಿವೀಕ್ಷಕರು ಏನನ್ನೋ ಬರೆದುಕೊಳ್ಳಲು ಜೇಬಿಗೆ ಕೈಹಾಕಿದರು. ಜೇಬು ಖಾಲಿ. ತಿರುಗಿ ಹಿಂದಿನ ಬೆಂಚಿನ ಕಡೆ ನೋಡಿದರು. ಅವರ ಜೊತೆ ಇಡೀ ತರಗತಿ ಹೆಡ್‌ಮಾಸ್ಟರ ಜೇಬನ್ನು ಎಣಿಸಿತು. ಎಂಟನೆಯದು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಕ್ಲೋರೈಡ್ ಆಗೋದ್ರು" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಪಠ್ಯಪುಸ್ತಕದ ಪ್ರಕಾರವೂ ಅದು ಸರಿಯೇ.

ಪರಿವೀಕ್ಷಕರು ಕೆಮ್ಮಿದರು. ಆ ಕೆಮ್ಮಿನಲ್ಲಿ ಅರ್ಧ ನಗೆಯಿತ್ತು ಅಂತ ಮೇಡಂ ಇನ್ನೊಂದು ಗೋಡೆಯಾಚೆಯ ತಮ್ಮ ತರಗತಿಯಿಂದಲೇ ಗುರುತಿಸಿದ್ದಾಗಿ ಆಮೇಲೆ ಹೇಳಿದರು. ಪೆನ್ನನ್ನು ವಾಪಸ್ ಇಸಿದುಕೊಂಡು, ಬಂಧ ಗಟ್ಟಿಯಿದೆ ಎಂದು ಮಾತ್ರ ಹೇಳಿ, ಬರೆಯುವುದನ್ನು ಬರೆದು ಹೊರಟರು.

ಸಂಜೆ ಹೆಡ್‌ಮಾಸ್ಟರು ನನ್ನನ್ನು ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಆದೇಶದ ಹಾಳೆಯಿತ್ತು.

"ಮಾಡ್ರಿ" ಎಂದರು.

"ಏನ್ ಸರ್?"

"ಕ್ಲೋರಿನ್ ಮಾಡ್ರಿ."

ಮಾಡಿದೆ. ಮಾಡದೆ ಹೋದರೂ ಹೋಗುವ ಕೆಲಸ ಹೋಗುತ್ತಿತ್ತು. ಅವರು ಕನ್ನಡಿ ನೋಡಿಕೊಳ್ಳುವವರ ಹಾಗೆ ತಲೆ ವಾಲಿಸಿ ಕೇಳಿದರು.

"ನಾನ್ ಅಷ್ಟು ಮೂಗಲ್ಲಿ ಮಾತಾಡ್ತೀನೇನ್ರೀ?"

"ಇಲ್ಲ ಸರ್. ಕ್ಲೋರಿನ್‌ಗೆ ಶೀತ."

ಅವರು ಹಾಳೆ ನೋಡಿಕೊಂಡು ಹೇಳಿದರು. ಮಕ್ಕಳಿಗೆ ಅರ್ಥವಾಗಿದೆ ಅಂತ ಪರಿವೀಕ್ಷಕರು ಬರೆದಿದ್ದಾರಂತೆ, ಪೆನ್ನಿನ ವಿಷಯ ಬರೆದಿಲ್ಲವಂತೆ. ಆದರೆ ಕೈಚಾಚುವ ಧಾತು ತಮ್ಮ ಸ್ಥಾನಕ್ಕೆ ಒಪ್ಪುವುದಿಲ್ಲ. ಯಾರಲ್ಲೂ ಏನನ್ನೂ ಕೇಳದ ಧಾತು ಯಾವುದಾದರೂ ಇದೆಯೇ? ನಿಯಾನ್ ಇದೆ ಸರ್, ರಾಜಾನಿಲ, ಎಂದೆ. 'ರಾಜ' ಕೇಳಿ ಬೆನ್ನು ನೆಟ್ಟಗಾಯಿತು. ಹಳೆಯ ಪುಸ್ತಕಗಳಲ್ಲಿ ಅದಕ್ಕೆ ಜಡಾನಿಲ ಅನ್ನುತ್ತಿದ್ದರು ಅನ್ನುವುದನ್ನು ನಾನು ಹೇಳಲಿಲ್ಲ. ಗೊಬ್ಬರದ ಅಂಗಡಿ ಇನ್ನೂ ಪೂರ್ತಿ ಮರೆಯಾಗಿರಲಿಲ್ಲ.

"ಸರಿ, ನಾಳೆಯಿಂದ ನಿಯಾನ್" ಎಂದು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬೇಲಿಯಿಂದ ಒಂದು ಪೆನ್ನು ಕಿತ್ತು ಗೀಚಿದರು, ಬರೆಯಲಿಲ್ಲ. ಇನ್ನೊಂದು, ಅದೂ ಇಲ್ಲ. ತಲೆ ಎಡಕ್ಕೆ ವಾಲಿತು. ನಿಯಾನ್‌ನ ಕೈ ಮುಂದೆ ಚಾಚಿತು.

ನನ್ನ ಹತ್ತಿರ ಇದ್ದದ್ದು ಒಂದೇ. ಕೊಟ್ಟೆ. ಸಹಿ ಬಿತ್ತು.

ಹೊರಗೆ ಬಂದಾಗ ಹುಡುಗಿ ಮೆಟ್ಟಿಲ ಹತ್ತಿರ ಮೇಡಂ ಜೊತೆ ಕಾಯುತ್ತಿದ್ದಳು. ಸಂಜೆಯ ಹಾಲಿಗೆ ತಡವಾಗಿದ್ದರೂ ಹೋಗಿರಲಿಲ್ಲ. ತನ್ನ ಉತ್ತರದಿಂದ ನನ್ನ ಕೆಲಸ ಹೋಯಿತೇನೋ ಅಂತ. ಇರ್ತೀನಿ ಕಣವ್ವ, ಎಂದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಖಾಲಿ ಜೇಬು ನೋಡಿದಳು.

"ಸಾ, ನೀವೂ ದನ ಆಗೋದ್ರಿ."

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೊಟ್ಟೆ ಸೀಳಿ ಹೇಳು, ಎಂದು ತಿದ್ದಿದೆ.

"ಸೀಳುದ್ರೂ ಅದೇಯ ಬುಡಿ ಸಾ" ಎಂದು ಅವಳು ಹಾಲು ಕರೆಯಲು ಓಡಿದಳು.