ಬಸ್ಸಾರಿಗೆ ಸಿಕ್ಕ ಶಹಬ್ಬಾಸ್‌ಗಿರಿ

ಮಾಂಸ ಕಡಿಮೆ ಮಾಡಿದ್ದೀನಿ ಅಂತ ಕೇಳಿ ಯಾರಾದರೂ ನನ್ನನ್ನು ಹೊಗಳಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತೆ. ಬೈದರೆ ಇಷ್ಟು ಉರಿಯೋಲ್ಲ. ಬೈದವರಿಗೆ ತಿರುಗಿ ಬೈಯಬಹುದು. ಹೊಗಳಿದವರಿಗೆ ಏನು ಮಾಡೋದು? ಹಲ್ಲು ಕಿರಿದು ‘ಥ್ಯಾಂಕ್ಸ್’ ಅನ್ನಬೇಕು. ಒಂದು ಸಲ ನಾನು ಹಾಗೆ ಅಂದೂ ಬಿಟ್ಟೆ. ಅದು ಅರಗದೆ ಹಾಗೇ ಉಳಿದುಕೊಂಡಿದೆ. ನಿಮ್ಮ ಹತ್ತಿರವಾದರೂ ಹೇಳಿಕೊಂಡರೆ ಒಂದಿಷ್ಟು ಹಗುರಾದೀತು.

ಎಂಬತ್ತರ ದಶಕ ಶುರುವಾಗಿದ್ದ ಕಾಲ. ನಾನು ಮುಳಬಾಗಿಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮನೆಯವರು ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತರು. ಒಂದು ದಿನ ಕಚೇರಿಯ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ತಲೆ ಸುತ್ತಿ ಕೂತುಬಿಟ್ಟರಂತೆ. ಮಾರನೇ ದಿನವೇ ಬಸ್ಸು ಹತ್ತಿಸಿ ಕೋಲಾರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಉಸ್ ಉಸ್ ಅಂತ ಗಾಳಿ ಒತ್ತಿ, ಪಾದರಸ ಏರಿದ್ದನ್ನು ನೋಡಿ, ಅವರನ್ನು ಬಿಟ್ಟು ನನ್ನನ್ನು ಗದರಿಸಿದರು.

“ಏನಮ್ಮಾ ಅಡುಗೆ ಮಾಡ್ತೀರಿ ಮನೇಲಿ? ಬೀಪಿ ಇಷ್ಟೊಂದಿದೆ! ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ. ಮಟನ್ನು ತಿಂಗಳಿಗೆ ಒಂದು ಸಲ ಸಾಕು. ಇವರಪ್ಪ ಎಷ್ಟನೇ ವಯಸ್ಸಿಗೆ ಹೋಗಿದ್ದು?”

“ನಲವತ್ತೆಂಟಕ್ಕೆ.”

“ಇವರಿಗೆ ಈಗೆಷ್ಟು?”

“ನಲವತ್ತೈದು.”

ಡಾಕ್ಟರು ತಲೆ ಎತ್ತದೆ ಚೀಟಿ ಬರೆದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಮೂರನ್ನು ನಲವತ್ತೈದಕ್ಕೆ ಮತ್ತೆ ಮತ್ತೆ ಕೂಡುತ್ತಿದ್ದೆ. ಹೆದರಿಕೆಗಿಂತ ಹೆಚ್ಚಾಗಿ ಕೋಪ ಬಂದಿತ್ತು. ತಿಂದವರು ಅವರು, ಬೈಸಿಕೊಂಡವಳು ನಾನು.

ಆ ಭಾನುವಾರದಿಂದಲೇ ನನ್ನ ಪ್ರಯೋಗಗಳು ಶುರುವಾದವು. ಮೊದಲನೇ ದಿನ ಉಪ್ಪನ್ನು ಒಂದೇ ಏಟಿಗೆ ಅರ್ಧ ಮಾಡಿದೆ. ನಮ್ಮನೆಯವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿ, “ಬಿಸಿನೀರು ಚೆನ್ನಾಗಿ ಕಾದಿದೆ” ಅಂದರು. ಎಳೆ ಹಲಸಿನಕಾಯಿಗೆ ಬಾಡಿನ ಮಸಾಲೆ ಹಾಕಿ ಬೇಯಿಸಿದೆ. ಒಂದೊಂದು ಹೋಳನ್ನೂ ಬೆರಳಲ್ಲಿ ಒತ್ತಿ ನೋಡಿದರು, ಎಲ್ಲಾದರೂ ಮೂಳೆ ಸಿಗುತ್ತೇನೋ ಅಂತ. ಬಾಳೆಕಾಯಿಯನ್ನು ಎಣ್ಣೆಯಿಲ್ಲದೆ ಹುರಿಯಲು ಹೋಗಿ ಬಾಂಡಲೆಯನ್ನೇ ಹಾಳು ಮಾಡಿಕೊಂಡೆ. ಕೊನೆಗೆ ಸುಸ್ತಾಗಿ, ನಮ್ಮಮ್ಮ ಮಾಡುತ್ತಿದ್ದ ಬಸ್ಸಾರಿಗೇ ಬಂದು ನಿಂತೆ. ಕಾಳು, ಸೊಪ್ಪು ಬೇಯಿಸಿ, ಬಸಿದ ಕಟ್ಟಿನ ನೀರಿಗೆ ಖಾರ ರುಬ್ಬಿ ಹಾಕಿ ಸಾರು, ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಅವತ್ತು ಅವರು ಏನೂ ಹಂಗಿಸಲಿಲ್ಲ. ಎರಡನೇ ಮುದ್ದೆ ಹಾಕಿಸಿಕೊಂಡರು.

ಇಷ್ಟಕ್ಕೇ ನೆಮ್ಮದಿಯಾಗಿರಬಹುದಿತ್ತು. ಆದರೆ ಎರಡು ಬೀದಿ ಆಚೆ ಅವರ ಅಕ್ಕ ಮುನೆಕ್ಕ ಇದ್ದರು. ಮುನೆಕ್ಕನ ಮಾತೃಭಾಷೆ ಕನ್ನಡವೇ, ಆದರೆ ಸಿಟ್ಟು ಬಂದರೆ ಮಾತು ತನ್ನಷ್ಟಕ್ಕೆ ತಾನೇ ತೆಲುಗಿಗೆ ಹೊರಳುತ್ತಿತ್ತು. ಒಂದು ಬೆಳಗ್ಗೆ ಬಾಗಿಲಲ್ಲೇ ನಿಂತು, “ನಾ ತಮ್ಮುನಿಕಿ ಗಡ್ಡಿ ಪೆಡ್ತಾ ಉಂಡಾವಾ?” ಅಂದರು. ನನ್ನ ತಮ್ಮನಿಗೆ ಹುಲ್ಲು ಹಾಕ್ತಿದೀಯಾ ಅಂತ. ಆಮೇಲೆ ಬೀದಿಗೆಲ್ಲ ಅರ್ಥವಾಗಲಿ ಅಂತ ಕನ್ನಡಕ್ಕೆ ಬಂದರು: “ನಾಲ್ಕಕ್ಷರ ಓದಿದ ಮೇಲೆ ನಮ್ಮ ಊಟ ನಾಚಿಕೆ ಆಗೋಯ್ತೇನಮ್ಮಾ ನಿಂಗೆ? ಹಾರವರ ಮನೆ ಆಗ್ಬೇಕಾ ಇದು?”

“ಅಕ್ಕಾ, ಡಾಕ್ಟರು ಹೇಳಿದ್ದು.”

“ಡಾಕ್ಟ್ರು! ಅವನೇನು ಒಲೆ ಮುಂದೆ ಕೂತು ಹಿಟ್ಟು ತಿರುವ್ತಾನಾ?”

ಇದು ಒಂದು ಕಡೆ. ಇನ್ನೊಂದು ಕಡೆ ಶಾಲೆ. ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಬೆಂಚುಗಳಿದ್ದವು. ಕಿಟಕಿಯ ಪಕ್ಕದ್ದು ಹೆಡ್‌ಮಿಸ್ಸು ಮತ್ತು ಅವರ ಜೊತೆಯವರದು. ಬೀರುವಿನ ಪಕ್ಕದ್ದು ನಮ್ಮದು. ಎಲ್ಲೂ ಬರೆದು ಹಾಕಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಡಬ್ಬಿ ಹಿಡಿದುಕೊಂಡು ಕಿಟಕಿಯ ಕಡೆ ಹೋದಾಗ ಹೆಡ್‌ಮಿಸ್ಸು ನಗುನಗುತ್ತಲೇ, “ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಅಲ್ಲಿ ಕೂತ್ಕೊಳ್ಳಿ” ಅಂತ ಬೀರುವನ್ನು ತೋರಿಸಿದ್ದರು. ಬೀರುವಿನಿಂದ ಗಾಳಿ ಬರುವುದಿಲ್ಲ ಅಂತ ತಿಳಿಯುವಷ್ಟು ಬುದ್ಧಿ ನನಗಿತ್ತು. ಒಂಬತ್ತು ವರ್ಷ ಅಲ್ಲೇ ಕೂತು ಉಂಡೆ.

ಒಂದು ಸೋಮವಾರ ಹೆಡ್‌ಮಿಸ್ಸು ನನ್ನ ಡಬ್ಬಿಯೊಳಗೆ ಕಣ್ಣು ಹಾಯಿಸಿದರು. “ಏನ್ರೀ, ಒಂದೆರಡು ತಿಂಗಳಿಂದ ನೋಡ್ತಿದೀನಿ, ಬರೀ ಸೊಪ್ಪು, ಕಾಳು?”

“ಮನೇಲಿ ಮಟನ್ನು ಕಡಿಮೆ ಮಾಡಿದೀವಿ ಮೇಡಂ.”

ಅವರ ಮುಖ ಅರಳಿಹೋಯಿತು. “ತುಂಬಾ ಸಂತೋಷ! ಎಷ್ಟಾದರೂ ಸಾತ್ವಿಕ ಆಹಾರವೇ ಆಹಾರ ನೋಡಿ. ಈಗ ನೀವೂ ನಮ್ಮ ಥರಾನೇ ಆದಿರಿ. ನಾಳೆಯಿಂದ ಇಲ್ಲೇ ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ.”

“ಥ್ಯಾಂಕ್ಸ್ ಮೇಡಂ” ಅಂದೆ. ಅಂದೇಬಿಟ್ಟೆ! ನನ್ನ ಬಾಯಿಗೆ ಏನಾಗಿತ್ತೋ ಕಾಣೆ.

ಮನೆಗೆ ನಡೆದುಕೊಂಡು ಬರುವಾಗ ಕೋಪ ಒಂದೊಂದು ಹೆಜ್ಜೆಗೂ ಏರಿತು. ಕನ್ನಡ ಪಾಠ ಮಾಡುವವಳಲ್ಲವೇ, ಕೋಪ ಬಂದರೂ ಶಬ್ದಗಳನ್ನೇ ಹಿಡಿದು ಜಗ್ಗಾಡುವುದು ನನ್ನ ಚಾಳಿ. ಮಾಂಸಾಹಾರಿ ಅನ್ನುವ ಮಾತನ್ನೇ ನೋಡಿ. ಹುತ್ತೂರಿನ ಹತ್ತಿರದ ನಮ್ಮ ಮನೆಯಲ್ಲಿ ನಾನು ಹುಡುಗಿಯಾಗಿದ್ದಾಗ ಬಾಡು ಅಂದರೆ ಹಬ್ಬಕ್ಕೆ, ಇಲ್ಲ ನೆಂಟರಿಗೆ. ಮಿಕ್ಕ ದಿನವೆಲ್ಲ ರಾಗಿ, ಹುರುಳಿ, ಹೊಲದ ಬದುವಿನ ಸೊಪ್ಪು. ವಾರವಾರವೂ ಮಟನ್ನು ಅನ್ನುವುದು ಸಂಬಳದ ಜೊತೆ ಬಂದ ದೊಡ್ಡಸ್ತಿಕೆ. ವರ್ಷಪೂರ್ತಿ ಸೊಪ್ಪು ತಿಂದವರಿಗೆ ಮಾಂಸಾಹಾರಿಗಳು ಅಂತ ಹೆಸರು. ಒಂದು ತುಣುಕು ಬಾಯಿಗಿಟ್ಟರೆ ಮನುಷ್ಯನ ಹೆಸರೇ ಬದಲಾಗಿಬಿಡುತ್ತೆ. ಈಗ ಅದೇ ಸೊಪ್ಪನ್ನು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರೆ ಔಷಧಿ, ಹೆಡ್‌ಮಿಸ್ಸು ನೋಡಿದರೆ ಸಾತ್ವಿಕ. ನಮ್ಮಮ್ಮ ಬಡಿಸಿದಾಗ ಮಾತ್ರ ಬಡತನ!

ಮಂಗಳವಾರ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ ಮಟನ್ನು ತಂದೆ. ಕೊಬ್ಬು ತೆಗೆಯಲಿಲ್ಲ. ಕಾಯಿ, ಗಸಗಸೆ, ಚಕ್ಕೆ, ಲವಂಗ ಒರಳಿಗೆ ಹಾಕಿ, ಹೆಡ್‌ಮಿಸ್ಸನ್ನೇ ಒಳಗೆ ಹಾಕಿದವಳ ಹಾಗೆ ರುಬ್ಬಿದೆ. ಡಬ್ಬಿ ತುಂಬ ಬಾಡಿನ ಸಾರು ತೆಗೆದುಕೊಂಡು ಹೋಗಿ, ಕಿಟಕಿಯ ಬೆಂಚಿನ ಮೇಲೇ ಕೂತು, ಮೂಳೆ ಚೀಪುತ್ತೀನಿ ಅಂತ ಶಪಥ ಮಾಡಿದ್ದೆ. ಬೀದಿಯೆಲ್ಲ ಘಮ್ಮೆಂದಿತು.

ಕಚೇರಿಗೆ ಹೊರಟು ಊಟಕ್ಕೆ ಕೂತ ನಮ್ಮನೆಯವರ ತಟ್ಟೆಗೆ ಮುದ್ದೆ ಇಟ್ಟು, ಎರಡು ಸೌಟು ಸುರಿದೆ. ಅವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು.

“ಯಾರ ಮೇಲಿನ ಕೋಪಾನೇ ಇದು, ನನಗೆ ಬಡಿಸ್ತಿದೀಯಲ್ಲ?”

ನಾನು ಮೂರನೇ ಸೌಟು ಎತ್ತಿದೆ. ಅವರು ತಟ್ಟೆಯನ್ನು ಮೆತ್ತಗೆ ಆಚೆ ತಳ್ಳಿದರು. “ಅಕ್ಕನ ಮನೇಲಿ ತಿನ್ನೋದನ್ನೂ ಬಿಟ್ಟೆ ಕಣೇ. ಹದಿನೈದು ದಿನ ಆಯ್ತು.”

“ಅಂದ್ರೆ ಅಲ್ಲಿ ತಿಂತಾ ಇದ್ರಾ?”

“ಭಾನುವಾರ ಭಾನುವಾರ” ಅಂದು ತಲೆ ತಗ್ಗಿಸಿದರು. “ಅವತ್ತು ಅಪ್ಪನ ಫೋಟೋ ಒರೆಸ್ತಾ ಇದ್ದೆ. ನನ್ನ ಮುಖಾನೇ ಒರೆಸಿದ ಹಾಗಾಯ್ತು. ರಾತ್ರಿ ಬಸ್ಸಾರು ಉಳಿದಿದ್ರೆ ಹಾಕು.”

ಸೌಟು ಕೈಯಲ್ಲೇ ಇತ್ತು. ತಲೆಗೆ ಹೊಡೆಯಲೋ, ಆ ತಲೆಯನ್ನು ಅಪ್ಪಿಕೊಳ್ಳಲೋ ತಿಳಿಯಲಿಲ್ಲ. ಬಸ್ಸಾರು ಬಿಸಿ ಮಾಡಿ ಬಡಿಸಿದೆ. ಉಳಿದಿದ್ದನ್ನು ಡಬ್ಬಿಗೆ ಹಾಕಿಕೊಂಡೆ. ಮಟನ್ನಿನ ಪಾತ್ರೆಯನ್ನು ಮುಚ್ಚಿ ಹಿಡಿದು ಮುನೆಕ್ಕನ ಮನೆಗೆ ಕೊಟ್ಟುಬಂದೆ. ಮದುವೆಯಾದಾಗಿನಿಂದ ಮೊದಲನೇ ಸಲ ಅವರು, “ನೂರು ವರ್ಷ ಬಾಳಮ್ಮಾ” ಅಂದರು.

ಮಧ್ಯಾಹ್ನ ನಾನು ಬೀರುವಿನ ಪಕ್ಕವೇ ಕೂತು ಡಬ್ಬಿ ಬಿಚ್ಚಿದೆ. ಹೆಡ್‌ಮಿಸ್ಸು ಕಿಟಕಿಯಿಂದ ಕೂಗಿದರು: “ಇಲ್ಲಿ ಬನ್ನಿ ಅಂದ್ನಲ್ಲ!”

“ಮೇಡಂ, ಇದು ನಿಮ್ಮ ಊಟ ಅಲ್ಲ. ನಮ್ಮಮ್ಮನ ಊಟ. ನಾನು ಹುಟ್ಟಿದಾಗಿಂದ ತಿಂದಿದ್ದು. ಇದನ್ನ ತಿನ್ನೋಕೆ ನಾನು ಬೆಂಚು ಬದಲಾಯಿಸಬೇಕಾಗಿಲ್ಲ.”

“ನಾನು ಒಳ್ಳೇದಕ್ಕೇ ಹೇಳಿದ್ದು...”

“ಗೊತ್ತು ಮೇಡಂ. ಅದಕ್ಕೇ ಇಷ್ಟು ಕೋಪ.”

ಅವತ್ತು ಕಿಟಕಿಯ ಬೆಂಚಿನಲ್ಲಿ ಅರ್ಧ ಊಟಕ್ಕೇ ಡಬ್ಬಿಗಳು ಮುಚ್ಚಿದವು. ಬಸ್ಸಾರು ಮಾತ್ರ, ಹಳೆಯದಾದಷ್ಟೂ ರುಚಿ, ಸಲೀಸಾಗಿ ಇಳಿಯಿತು. ಆಮೇಲೆ ಎರಡು ತಿಂಗಳು ಹೆಡ್‌ಮಿಸ್ಸು ನನ್ನ ಜೊತೆ ಟೈಂಟೇಬಲ್ಲು ಬಿಟ್ಟು ಬೇರೆ ಮಾತಾಡಲಿಲ್ಲ. ನಾನೂ ಸೋಲಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಅವರು ತಮ್ಮ ಡಬ್ಬಿ ಹಿಡಿದುಕೊಂಡು ಬಂದು, ಬೀರುವಿನ ಪಕ್ಕ, ನನ್ನ ಬೆಂಚಿನ ಮೇಲೇ ಕೂತರು. ಡಬ್ಬಿ ಬಿಚ್ಚಲಿಲ್ಲ. “ನಮ್ಮೆಜಮಾನರಿಗೂ ಬೀಪಿಯಂತೆ ಕಣ್ರೀ. ತುಪ್ಪ ಬಿಡಿ, ಉಪ್ಪಿನಕಾಯಿ ಬಿಡಿ, ಹಪ್ಪಳ ಬಿಡಿ ಅಂದಿದ್ದಾರೆ. ಏನು ಮಾಡಿ ಹಾಕಬೇಕೋ ತಿಳೀತಿಲ್ಲ. ಆ ನಿಮ್ಮ ಸಾರು... ಹೇಗೆ ಮಾಡೋದು?”

ಸಾತ್ವಿಕ ಆಹಾರಕ್ಕೂ ಬೀಪಿ ಬರುತ್ತಾ ಮೇಡಂ? ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ಆಗಲೇ ಡಾಕ್ಟರು ಕೊಟ್ಟ ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳಲು ಪೆನ್ನು ತೆಗೆದಿದ್ದರು. ಮಾತು ನುಂಗಿಕೊಂಡು, ಕಾಳು ಎಷ್ಟು, ಸೊಪ್ಪು ಎಷ್ಟು, ಯಾವಾಗ ಬಸಿಯಬೇಕು, ಎಲ್ಲ ಹೇಳಿದೆ. ಬೆಳ್ಳುಳ್ಳಿ ಹತ್ತಿರ ಬಂದಾಗ ಅವರು ತಡೆದರು.

“ಬೆಳ್ಳುಳ್ಳಿ ಬಿಟ್ಟು ಮಾಡಬಹುದಾ?”

“ಮಾಡಬಹುದು. ಆದರೆ ಅದು ಬಸ್ಸಾರು ಆಗಲ್ಲ.”

ಅವರು ಕಿಟಕಿಯ ಬೆಂಚಿನ ಕಡೆ ಒಂದು ಸಲ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು: “ಎಷ್ಟು ಎಸಳು?”

ಆರು ಎಸಳು ಸಾಕು. ನಾನು ಒಂದು ಗಡ್ಡೆ ಪೂರ್ತಿ ಅಂದೆ. ಕೋಪ ಇನ್ನೂ ಒಂದು ಸ್ವಲ್ಪ ಉಳಿದಿತ್ತು, ನೋಡಿ.